ಸಂಶೋಧನೆಗೆ ಧನಸಹಾಯ ಕೇಳುವ ಕ್ರಮ: ಬ್ರೆಜಿಲಿನ ಒಂದು ನಿದರ್ಶನ

ವಿಜ್ಞಾನದ ಚರಿತ್ರೆಯನ್ನು ಓದುವ ವಿದ್ಯಾರ್ಥಿಗಳಿಗೆ ಶೋಧಗಳ ಹೆಸರೂ ಶೋಧಕರ ಹೆಸರೂ ಕಂಠಪಾಠವಾಗಿರುತ್ತವೆ. ಯಾವ ನಿಯಮ ಯಾವ ಪ್ರಯೋಗದಿಂದ ಹೊರಬಿತ್ತೆಂಬುದನ್ನು ಅವರು ಪರೀಕ್ಷೆಯಲ್ಲಿ ಬರೆಯಬಲ್ಲರು. ಆದರೆ ಆ ಪ್ರಯೋಗಕ್ಕೆ ಹಣ ಕೊಟ್ಟವರು ಯಾರು, ಯಾವ ಮಾತನ್ನು ನಂಬಿ ಕೊಟ್ಟರು ಎಂಬ ಪ್ರಶ್ನೆ ನಮ್ಮ ಪಠ್ಯಪುಸ್ತಕಗಳಲ್ಲಿ ಏಳುವುದೇ ಅಪೂರ್ವ. ಸ್ವಂತ ಆಸ್ತಿಯ ಬಲದಿಂದ ಪ್ರಯೋಗಶಾಲೆಯನ್ನು ನಡೆಸುತ್ತಿದ್ದ ಶ್ರೀಮಂತ ವಿಜ್ಞಾನಿಗಳ ಕಾಲ ಎಂದೋ ಕಳೆದುಹೋಯಿತು. ಇಂದು ಸಂಶೋಧನೆ ಮಾಡಬೇಕೆನ್ನುವವರು ಯಾರಲ್ಲಾದರೂ ಹಣ ಕೇಳಲೇಬೇಕು. ಕೇಳುವುದಕ್ಕೂ ಒಂದು ಕ್ರಮವುಂಟು.

ಈ ಕ್ರಮವನ್ನು ಕೇವಲ ಕಚೇರಿಯ ವ್ಯವಹಾರವೆಂದು ಎಣಿಸುವವರು ಬಹಳ. ವಾಸ್ತವವಾಗಿ ಅರ್ಜಿ ಬರೆಯುವುದು ಸಂಶೋಧನೆಯ ಮೊದಲನೆಯ ಹೆಜ್ಜೆಯೇ ಆಗಿದೆ. ಪ್ರಶ್ನೆ ಯಾವುದು, ಅದಕ್ಕೆ ಉತ್ತರ ಹೇಗೆ ದೊರೆಯುವುದು, ಎಷ್ಟು ಕಾಲ ಹಿಡಿಯುವುದು, ಎಷ್ಟು ವೆಚ್ಚವಾಗುವುದು—ಈ ನಾಲ್ಕನ್ನೂ ಲೆಕ್ಕ ಹಾಕದೆ ಅರ್ಜಿಯನ್ನು ಬರೆಯಲಾಗದು. ಲೆಕ್ಕ ಹಾಕಿದ ಮೇಲೆ ಅನೇಕ ವೇಳೆ ಪ್ರಶ್ನೆಯೇ ಬದಲಾಗುತ್ತದೆ. ಹಾಗೆ ಬದಲಾಗುವುದರಲ್ಲಿಯೇ ಅರ್ಜಿಯ ಮುಖ್ಯ ಪ್ರಯೋಜನವಿದೆ.

ಇದನ್ನು ವಿವರಿಸಲು ದಕ್ಷಿಣ ಅಮೆರಿಕದ ಬ್ರೆಜಿಲ್ ದೇಶವನ್ನು, ಅದರಲ್ಲಿಯೂ ಸಾವೊ ಪೌಲೊ ರಾಜ್ಯವನ್ನು, ಇಲ್ಲಿ ಆರಿಸಿಕೊಂಡಿದೆ. ಅಲ್ಲಿ ಸಂಶೋಧನೆಯ ಹಣ ಎಲ್ಲಿಂದ ಬರಬೇಕೆಂಬುದು ರಾಜ್ಯದ ಸಂವಿಧಾನದಲ್ಲಿಯೇ ಬರೆದಿದೆ. ಪದವಿ ತರಗತಿಯ ವಿದ್ಯಾರ್ಥಿಯಿಂದ ಹಿಡಿದು ಹಿರಿಯ ಪ್ರಾಧ್ಯಾಪಕರವರೆಗೆ ಎಲ್ಲರೂ ಒಂದೇ ಬಗೆಯ ಪರಿಶೀಲನೆಗೆ ಒಳಪಡುತ್ತಾರೆ. ಹೊರದೇಶದವರಿಗೂ ಅಲ್ಲಿ ಅವಕಾಶವಿದೆ. ಆದುದರಿಂದ ಆ ನಿದರ್ಶನ ನಮ್ಮ ವಿದ್ಯಾರ್ಥಿಗಳಿಗೆ ಹಲವು ಬಗೆಯಲ್ಲಿ ಉಪಯುಕ್ತವಾದೀತು.

ಒಂದು ಹಳೆಯ ಕೋರಿಕೆ

ಒಳ್ಳೆಯ ಅರ್ಜಿ ಉದ್ದವಾಗಿರಬೇಕೆಂಬ ನಿಯಮವೇನೂ ಇಲ್ಲ. ಬ್ರೆಜಿಲಿನ ಭೌತವಿಜ್ಞಾನಿ ಸೀಸರ್ ಲಾಟೆಸ್ (೧೯೨೪–೨೦೦೫) ಅವರ ಕೋರಿಕೆಯೊಂದು ಇದಕ್ಕೆ ಸಾಕ್ಷಿ. ಸಾವೊ ಪೌಲೊ ವಿಶ್ವವಿದ್ಯಾನಿಲಯದಲ್ಲಿ ಓದಿದ ಈ ತರುಣರು ೧೯೪೬ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರಕ್ಕೆ ಹೋಗಿ, ಸೆಸಿಲ್ ಪೊವೆಲ್ ಮತ್ತು ಗೈಸೆಪ್ಪೆ ಒಕ್ಯಾಲಿನಿ ಅವರೊಡನೆ ವಿಶ್ವಕಿರಣಗಳ ಅಧ್ಯಯನಕ್ಕೆ ತೊಡಗಿದರು. ಫೋಟೋಗ್ರಾಫಿಕ್ ಫಲಕಗಳನ್ನು ಪರ್ವತಗಳ ಮೇಲೆ ಇಟ್ಟು, ಅವುಗಳ ಲೇಪದೊಳಗೆ ಕಣಗಳು ಮೂಡಿಸಿದ ಜಾಡುಗಳನ್ನು ಸೂಕ್ಷ್ಮದರ್ಶಕದಿಂದ ಹುಡುಕುವುದು ಅವರ ವಿಧಾನ. ಫ್ರಾನ್ಸಿನ ಪಿಕ್ ದ್ಯು ಮಿದಿ ಶಿಖರದ ಮೇಲಿಟ್ಟ ಫಲಕಗಳಲ್ಲಿ ಒಂದು ವಿಚಿತ್ರ ಕಾಣಿಸಿತು. ಒಂದು ಮೆಸಾನ್ ಕಣ ವೇಗ ಕಳೆದುಕೊಂಡು ನಿಂತ ಸ್ಥಳದಿಂದಲೇ ಇನ್ನೊಂದು ಮೆಸಾನ್ ಹೊರಟಿತ್ತು! ಆದರೆ ಅಂಥ ಜಾಡುಗಳು ದೊರೆತದ್ದು ಎರಡೇ. ಅವುಗಳಲ್ಲಿಯೂ ಕೊನೆಯವರೆಗೆ ಪೂರ್ಣವಾಗಿ ಕಂಡದ್ದು ಒಂದೇ. ಒಂದೆರಡು ಜಾಡುಗಳನ್ನು ನಂಬಿ ಹೊಸ ಕಣವೊಂದು ಇದೆಯೆಂದು ಸಾರುವುದು ಹೇಗೆ?

ಎತ್ತರ ಹೆಚ್ಚಿದಷ್ಟೂ ಅಂಥ ಘಟನೆಗಳು ಹೆಚ್ಚು ಸಿಕ್ಕಬೇಕೆಂಬುದು ತಿಳಿದಿತ್ತು. ಲಾಟೆಸ್ ಅವರು ವಿಶ್ವವಿದ್ಯಾನಿಲಯದ ಭೂಗೋಳ ವಿಭಾಗಕ್ಕೆ ಹೋಗಿ ವಿಚಾರಿಸಿದರು. ಬೊಲಿವಿಯ ದೇಶದ ಲಾ ಪಾಸ್ ನಗರದ ಸಮೀಪದಲ್ಲಿ, ಐದು ಸಾವಿರ ಮೀಟರಿಗೂ ಮೇಲೆ, ಚಕಲ್ತಾಯ ಪರ್ವತದಲ್ಲಿ ಒಂದು ಹವಾಮಾನ ಕೇಂದ್ರವಿದೆಯೆಂದೂ ಅಲ್ಲಿಗೆ ರಸ್ತೆ ಇದೆಯೆಂದೂ ಗೊತ್ತಾಯಿತು. ಆಗ ಅವರು ಹಿರಿಯರ ಮುಂದಿಟ್ಟ ಕೋರಿಕೆಯ ಸಾರವಿಷ್ಟು: ದಕ್ಷಿಣ ಅಮೆರಿಕಕ್ಕೆ ವಿಮಾನದ ವೆಚ್ಚ ದೊರೆತರೆ, ಬಿಳಿಗಾರ ಸೇರಿಸಿದ ಫಲಕಗಳನ್ನು ಚಕಲ್ತಾಯದಲ್ಲಿ ಒಂದು ತಿಂಗಳ ಕಾಲ ಇಟ್ಟು ತರುವೆನು. ಹಣ ದೊರೆಯಿತು. ೧೯೪೭ರಲ್ಲಿ ಆ ಫಲಕಗಳಿಂದ ಸುಮಾರು ಮೂವತ್ತು ಜೋಡಿ ಜಾಡುಗಳು ದೊರೆತು, ಪೈ ಮೆಸಾನ್ ಎಂಬ ಕಣ ಇನ್ನೊಂದು ಹಗುರವಾದ ಕಣವಾಗಿ ಮಾರ್ಪಡುವುದು ಸಂಶಯಕ್ಕೆ ಎಡೆಯಿಲ್ಲದಂತೆ ಸ್ಥಿರಪಟ್ಟಿತು. ಈ ವಿಧಾನ ಮತ್ತು ಶೋಧಗಳಿಗಾಗಿ ಪೊವೆಲ್ ಅವರಿಗೆ ೧೯೫೦ರ ನೊಬೆಲ್ ಬಹುಮಾನ ಸಂದಿತು.

ಆ ಕೋರಿಕೆಯನ್ನು ಬಿಡಿಸಿ ನೋಡೋಣ. ಉತ್ತರ ಬೇಕಾದ ಪ್ರಶ್ನೆ ಸ್ಪಷ್ಟವಾಗಿತ್ತು. ಅದು ಬರಿಯ ಊಹೆಯಿಂದ ಹುಟ್ಟದೆ, ಕಣ್ಣಿಗೆ ಬಿದ್ದ ಎರಡು ಜಾಡುಗಳ ಆಧಾರದಿಂದ ಹುಟ್ಟಿತ್ತು. ಸ್ಥಳ, ಸಾಧನ, ಕಾಲ, ವೆಚ್ಚ ಇಷ್ಟೂ ನಿಗದಿಯಾಗಿದ್ದುವು. ಒಂದು ತಿಂಗಳ ಬಳಿಕ ಫಲಕಗಳನ್ನು ತೊಳೆದು ನೋಡಿದರೆ ಹೌದೋ ಅಲ್ಲವೋ ಎಂಬುದು ತೀರ್ಮಾನವಾಗುತ್ತಿತ್ತು. ಇಂದಿನ ಇಪ್ಪತ್ತು ಪುಟಗಳ ಅರ್ಜಿಯಲ್ಲಿಯೂ ಇರಬೇಕಾದುವು ಇವೇ ಅಂಗಗಳು.

ಲಾಟೆಸ್ ಅವರು ಸ್ವದೇಶಕ್ಕೆ ಮರಳಿ ಅಲ್ಲಿಯ ವಿಜ್ಞಾನ ಸಂಸ್ಥೆಗಳನ್ನು ಕಟ್ಟುವುದಕ್ಕೆ ನೆರವಾದರು. ೧೯೪೯ರಲ್ಲಿ ರಿಯೊ ಡಿ ಜನೈರೊ ನಗರದಲ್ಲಿ ಭೌತವಿಜ್ಞಾನದ ಸಂಶೋಧನಾ ಕೇಂದ್ರವೂ, ೧೯೫೧ರಲ್ಲಿ ರಾಷ್ಟ್ರೀಯ ಸಂಶೋಧನಾ ಮಂಡಳಿಯೂ ಸ್ಥಾಪಿತವಾದುವು. ಬ್ರೆಜಿಲಿನ ಸಂಶೋಧಕರು ತಮ್ಮ ವಿದ್ಯಾಭ್ಯಾಸವನ್ನೂ ಪ್ರಕಟಣೆಗಳನ್ನೂ ದಾಖಲಿಸುವ ರಾಷ್ಟ್ರೀಯ ಕೋಶವೊಂದು ೧೯೯೯ರಲ್ಲಿ ಆರಂಭವಾದಾಗ ಅದಕ್ಕೆ ಅವರ ಹೆಸರನ್ನೇ ಇಟ್ಟರು. ಇಂದು ಆ ದೇಶದಲ್ಲಿ ಅರ್ಜಿದಾರರನ್ನು ‘ನಿಮ್ಮ ಲಾಟೆಸ್ ಎಲ್ಲಿ?’ ಎಂದು ಕೇಳಿದರೆ, ಅವರ ವೃತ್ತಿವಿವರದ ಪತ್ರವನ್ನು ಕೇಳಿದಂತೆಯೇ ಸರಿ.

ಹಣ ಬರುವ ದಾರಿ

ರಾಷ್ಟ್ರೀಯ ಮಂಡಳಿಯಲ್ಲದೆ, ಬ್ರೆಜಿಲಿನ ರಾಜ್ಯಗಳಿಗೂ ತಮ್ಮವೇ ಆದ ಸಂಶೋಧನಾ ಪ್ರತಿಷ್ಠಾನಗಳಿವೆ. ಅವುಗಳಲ್ಲಿ ಪ್ರಸಿದ್ಧವಾದುದು ಸಾವೊ ಪೌಲೊ ರಾಜ್ಯದ ಪ್ರತಿಷ್ಠಾನ. ಪೋರ್ಚುಗೀಸ್ ಭಾಷೆಯ ಅದರ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಅದನ್ನು ‘ಫಾಪೆಸ್ಪ್’ ಎಂದು ಕರೆಯುತ್ತಾರೆ.

೧೯೪೭ರಲ್ಲಿ ಆ ರಾಜ್ಯದ ಹೊಸ ಸಂವಿಧಾನ ರಚಿತವಾಗುತ್ತಿದ್ದಾಗ ಅಲ್ಲಿಯ ಪ್ರಾಧ್ಯಾಪಕರು ಶಾಸಕರ ಬಳಿಗೆ ಹೋಗಿ ವಾದಿಸಿದರು. ಅದರ ಫಲವಾಗಿ, ರಾಜ್ಯದ ತೆರಿಗೆಯ ಆದಾಯದಲ್ಲಿ ನೂರಕ್ಕೆ ಅರ್ಧದಷ್ಟಕ್ಕೆ ಕಡಮೆಯಿಲ್ಲದ ಪಾಲನ್ನು ಸಂಶೋಧನೆಗೆ ಮೀಸಲಿಡತಕ್ಕದ್ದೆಂಬ ವಿಧಿ ಸೇರಿತು. ಆದರೆ ವಿಧಿ ಬರೆದ ಮಾತ್ರಕ್ಕೆ ಹಣ ಬರಲಿಲ್ಲ. ಪ್ರತಿಷ್ಠಾನವನ್ನು ಸ್ಥಾಪಿಸುವ ಕಾನೂನು ಆದದ್ದು ೧೯೬೦ರಲ್ಲಿ. ಅದು ಕೆಲಸಕ್ಕೆ ತೊಡಗಿದ್ದು ೧೯೬೨ರಲ್ಲಿ. ಹದಿನೈದು ವರ್ಷಗಳ ಕಾಯುವಿಕೆ! ಆ ಬಳಿಕವೂ ತೊಡಕು ತೀರಲಿಲ್ಲ. ಪಾಲಿನ ಹಣ ಕೈಸೇರುವುದು ತಡವಾದಾಗ, ಬ್ರೆಜಿಲಿನ ತೀವ್ರವಾದ ಹಣದುಬ್ಬರ ಅದರ ಬೆಲೆಯನ್ನು ನುಂಗಿಹಾಕುತ್ತಿತ್ತು. ೧೯೮೩ರ ತಿದ್ದುಪಡಿಯಿಂದ ಪಾಲನ್ನು ತಿಂಗಳು ತಿಂಗಳೂ ಕೊಡುವ ಏರ್ಪಾಡಾಯಿತು. ೧೯೮೯ರ ಸಂವಿಧಾನದಲ್ಲಿ ಆ ಪಾಲು ನೂರಕ್ಕೆ ಒಂದಕ್ಕೆ ಏರಿತು.

ಈ ವ್ಯವಸ್ಥೆಯಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವುಂಟು. ಪ್ರತಿಷ್ಠಾನ ತನ್ನ ಆಡಳಿತಕ್ಕೆ ಆಯವ್ಯಯದ ನೂರಕ್ಕೆ ಐದರಷ್ಟನ್ನು ಮೀರಿ ಖರ್ಚು ಮಾಡುವಂತಿಲ್ಲವೆಂದು ಕಾನೂನೇ ಕಟ್ಟುಹಾಕಿದೆ. ಉಳಿದುದೆಲ್ಲ ಸಂಶೋಧನೆಗೇ ಸಲ್ಲಬೇಕು.

ಅಂಗಡಿಯಲ್ಲಿ ಸಾಮಾನು ಕೊಳ್ಳುವ ಪ್ರತಿಯೊಬ್ಬರ ತೆರಿಗೆಯಿಂದಲೂ ಒಂದು ಪಾಲು ಹೀಗೆ ಪ್ರಯೋಗಶಾಲೆಗೆ ಬರುತ್ತದೆ. ಅದು ಯಾವ ರೂಪದಲ್ಲಿ ಹಿಂದಿರುಗುವುದೆಂಬುದಕ್ಕೆ ಕಿತ್ತಳೆಯ ತೋಟಗಳ ಉದಾಹರಣೆಯನ್ನು ನೋಡಬಹುದು. ಸಾವೊ ಪೌಲೊ ರಾಜ್ಯ ಕಿತ್ತಳೆಯ ರಸಕ್ಕೆ ಲೋಕಪ್ರಸಿದ್ಧ. ‘ಕ್ಸೈಲೆಲ್ಲ ಫಾಸ್ಟಿಡಿಯೋಸ’ ಎಂಬ ಬ್ಯಾಕ್ಟೀರಿಯ ಆ ಮರಗಳಿಗೆ ತಗುಲಿ ತೋಟಗಳನ್ನು ಹಾಳುಮಾಡುತ್ತಿತ್ತು. ೧೯೯೭ರಲ್ಲಿ ಪ್ರತಿಷ್ಠಾನ ಮೂವತ್ತಕ್ಕೂ ಹೆಚ್ಚು ಪ್ರಯೋಗಶಾಲೆಗಳನ್ನು ಒಂದು ಜಾಲವಾಗಿ ಕೂಡಿಸಿ, ಆ ಬ್ಯಾಕ್ಟೀರಿಯದ ಇಡೀ ಜೀನೋಮನ್ನು ಓದುವ ಕೆಲಸಕ್ಕೆ ಹಣ ಕೊಟ್ಟಿತು. ೨೦೦೦ದ ಜುಲೈ ತಿಂಗಳಲ್ಲಿ ಅದರ ಫಲ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಸಸ್ಯರೋಗವನ್ನುಂಟುಮಾಡುವ ಜೀವಿಯೊಂದರ ಜೀನೋಮ್ ಪೂರ್ಣವಾಗಿ ಓದಲ್ಪಟ್ಟದ್ದು ಅದೇ ಮೊದಲು. ಅದಕ್ಕಿಂತಲೂ ಮುಖ್ಯವಾಗಿ, ಆ ವಿದ್ಯೆಯನ್ನು ಬಲ್ಲ ತರುಣರ ಒಂದು ತಂಡವೇ ಆ ರಾಜ್ಯದಲ್ಲಿ ಸಿದ್ಧವಾಯಿತು.

ಯಾರು ಕೇಳಬಹುದು?

ಸಹಾಯದಲ್ಲಿ ಎರಡು ಮುಖ್ಯ ಬಗೆಗಳಿವೆ. ವ್ಯಕ್ತಿಯ ಜೀವನ ನಿರ್ವಹಣೆಗಾಗಿ ಕೊಡುವುದು ವಿದ್ಯಾರ್ಥಿವೇತನ. ಸಂಶೋಧನೆಯ ಸಲಕರಣೆ, ಪ್ರಯಾಣ ಮುಂತಾದ ವೆಚ್ಚಕ್ಕಾಗಿ ಕೊಡುವುದು ಅನುದಾನ. ಐದು ವರ್ಷಗಳವರೆಗೆ ನಡೆಯುವ ದೊಡ್ಡ ಯೋಜನೆಗಳಿಗೆ ಪ್ರತ್ಯೇಕವಾದ ಅನುದಾನಗಳಿವೆ. ವಿದ್ಯಾರ್ಥಿವೇತನಗಳಲ್ಲಿ ಅತ್ಯಂತ ಕೆಳಗಿನ ಮೆಟ್ಟಿಲಿಗೆ ‘ವೈಜ್ಞಾನಿಕ ದೀಕ್ಷೆ’ ಎಂಬರ್ಥದ ಹೆಸರಿದೆ. ಅದು ಆ ರಾಜ್ಯದ ಕಾಲೇಜುಗಳಲ್ಲಿ ಮೊದಲ ಪದವಿಗೆ ಓದುತ್ತಿರುವವರಿಗೆ ಮೀಸಲು. ಪದವಿಯನ್ನು ಇನ್ನೂ ಪಡೆಯದ ವಿದ್ಯಾರ್ಥಿಯೂ ಮಾರ್ಗದರ್ಶಕರೊಬ್ಬರ ನೆರವಿನಿಂದ ಸಂಶೋಧನಾ ಯೋಜನೆಯನ್ನು ಬರೆದು, ತಜ್ಞರ ಪರಿಶೀಲನೆಗೆ ಒಪ್ಪಿಸುವ ಈ ಪದ್ಧತಿ ಬಹಳ ಅನುಕರಣೀಯವಾದುದು.

ನಮ್ಮ ದೇಶದ ವಿದ್ಯಾರ್ಥಿಗಳಿಗೆ ಬಾಗಿಲು ತೆರೆಯುವುದು ಮೇಲಿನ ಮೆಟ್ಟಿಲುಗಳಲ್ಲಿ. ಡಾಕ್ಟರೇಟ್ ಮಾಡಬೇಕೆನ್ನುವವರು ಮೊದಲು ಆ ರಾಜ್ಯದ ವಿಶ್ವವಿದ್ಯಾನಿಲಯವೊಂದರಲ್ಲಿ ಪ್ರವೇಶ ಪಡೆಯಬೇಕು. ಡಾಕ್ಟರೇಟ್ ಆದ ಬಳಿಕದ ವೇತನಕ್ಕೆ ಯಾವ ದೇಶದವರಾದರೂ ಅರ್ಜಿ ಹಾಕಬಹುದು; ಆದರೆ ಡಾಕ್ಟರೇಟ್ ಪಡೆದು ಹೆಚ್ಚು ವರ್ಷಗಳು ಕಳೆದಿರಬಾರದು. ಎರಡಕ್ಕೂ ಆ ರಾಜ್ಯದ ಸಂಸ್ಥೆಯಲ್ಲಿ ಕೆಲಸ ಮಾಡುವ ಮಾರ್ಗದರ್ಶಕರೊಬ್ಬರು ಒಪ್ಪಿ ಹೊಣೆ ಹೊರಬೇಕು. ಒಂಟಿಯಾಗಿ ಹೊರಗಿನಿಂದ ಅರ್ಜಿ ಕಳುಹಿಸಿದರೆ ಅದು ಮುಂದೆ ಸಾಗದು. ಆದುದರಿಂದ ಅರ್ಜಿಗೆ ಎಷ್ಟೋ ತಿಂಗಳು ಮೊದಲೇ ಮಾರ್ಗದರ್ಶಕರ ಪ್ರಕಟಣೆಗಳನ್ನು ಓದಿ, ಅವರಿಗೆ ಪತ್ರ ಬರೆಯಬೇಕು. ‘ತಮ್ಮ ಬಳಿ ಯಾವ ಕೆಲಸವಾದರೂ ಸರಿ’ ಎಂದು ನೂರು ಜನರಿಗೆ ಒಂದೇ ಪತ್ರ ಬರೆಯುವುದರಿಂದ ಪ್ರಯೋಜನವಿಲ್ಲ. ‘ತಮ್ಮ ಇಂಥ ಲೇಖನದ ಇಂಥ ಫಲಿತಾಂಶದಲ್ಲಿ ನನಗೆ ಈ ಸಂಶಯ ಬಂದಿದೆ’ ಎಂದು ಒಬ್ಬರಿಗೆ ಬರೆದ ಪತ್ರ ಹೆಚ್ಚು ಬೆಲೆಯುಳ್ಳದ್ದು. ವೇತನದ ಮೊತ್ತ, ಅವಧಿ, ಕೊನೆಯ ದಿನಾಂಕ ಮುಂತಾದುವು ಕಾಲಕಾಲಕ್ಕೆ ಬದಲಾಗುವುದರಿಂದ ಪ್ರತಿಷ್ಠಾನವೇ ಪ್ರಕಟಿಸುವ ನಿಯಮಗಳನ್ನು ಆಯಾ ಕಾಲದಲ್ಲಿ ಓದಿಕೊಳ್ಳಬೇಕು.

ಪ್ರಶ್ನೆಯನ್ನು ಅಳೆದು ನೋಡುವುದು

ಈಗ ಮುಖ್ಯ ವಿಷಯಕ್ಕೆ ಬರೋಣ. ಸಾವೊ ಪೌಲೊ ರಾಜ್ಯದ ಒಂದು ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಓದುತ್ತಿರುವ ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳೋಣ. ಲಾಟೆಸ್ ಅವರ ದಾರಿಯಲ್ಲಿಯೇ ಆಕೆಗೂ ವಿಶ್ವಕಿರಣಗಳಲ್ಲಿ ಆಸಕ್ತಿ. ಆಕೆ ಒಂದು ವರ್ಷದ ‘ದೀಕ್ಷಾ’ ವೇತನಕ್ಕೆ ಅರ್ಜಿ ಬರೆಯಬೇಕಾಗಿದೆ.

ನೆರೆಯ ಅರ್ಜೆಂಟೀನ ದೇಶದ ಮಲಾರ್ಗ್ವೆ ಪಟ್ಟಣದ ಬಳಿ ಪಿಯೆರ್ ಓಜೆ ವೀಕ್ಷಣಾಲಯವಿದೆ. ಹಲವು ದೇಶಗಳು ಕೂಡಿ ನಡೆಸುವ ಇದರಲ್ಲಿ ಬ್ರೆಜಿಲಿನವರೂ ಪಾಲುದಾರರು. ಫಾಪೆಸ್ಪ್ ಸಹಾಯವೂ ಇದಕ್ಕೆ ಸಂದಿದೆ. ೩,೦೦೦ ಚದರ ಕಿಲೋಮೀಟರ್ ಬಯಲಿನಲ್ಲಿ ಒಂದೂವರೆ ಕಿಲೋಮೀಟರಿಗೊಂದರಂತೆ ೧,೬೦೦ಕ್ಕೂ ಹೆಚ್ಚು ನೀರಿನ ತೊಟ್ಟಿಗಳನ್ನು ಇಟ್ಟಿದ್ದಾರೆ. ಪ್ರತಿಯೊಂದರಲ್ಲಿಯೂ ೧೨ ಟನ್ ಶುದ್ಧ ಜಲವಿದೆ. ಆಕಾಶದಿಂದ ಬರುವ ವಿಶ್ವಕಿರಣ ವಾಯುವಿನ ಪರಮಾಣುಗಳಿಗೆ ಬಡಿದು ಕಣಗಳ ಮಳೆಯನ್ನೇ ಹುಟ್ಟಿಸುತ್ತದೆ. ನೀರಿನಲ್ಲಿ ಬೆಳಕು ಚಲಿಸುವುದಕ್ಕಿಂತ ವೇಗವಾಗಿ ಆ ಕಣಗಳು ನೀರನ್ನು ಹೊಕ್ಕಾಗ ನೀಲಿಯ ಬೆಳಕು ಹೊಮ್ಮುತ್ತದೆ. ತೊಟ್ಟಿಯೊಳಗಿನ ಸೂಕ್ಷ್ಮ ಉಪಕರಣಗಳು ಅದನ್ನು ಗುರುತಿಸುತ್ತವೆ.

ವಿದ್ಯಾರ್ಥಿನಿ ಮೊದಲು ಬರೆದ ಶೀರ್ಷಿಕೆ ‘ವಿಶ್ವಕಿರಣಗಳ ಅಧ್ಯಯನ’ ಎಂದಿರಲಿ. ಇದು ಒಂದು ಗ್ರಂಥದ ಹೆಸರಾಗಬಹುದು, ಯೋಜನೆಯ ಹೆಸರಾಗದು. ಎರಡನೆಯ ಸಲ ಆಕೆ ‘ಅತ್ಯಧಿಕ ಶಕ್ತಿಯ ವಿಶ್ವಕಿರಣಗಳು ಎಲ್ಲಿಂದ ಬರುತ್ತವೆ?’ ಎಂದು ಬರೆಯುತ್ತಾಳೆ. ಇದು ಪ್ರಶ್ನೆಯೇನೋ ಹೌದು, ಅದೂ ದೊಡ್ಡ ಪ್ರಶ್ನೆ. ಆದರೆ ಲೆಕ್ಕ ಹಾಕಿ ನೋಡೋಣ. ೨೦೦೪ರಿಂದ ೨೦೨೦ರವರೆಗೆ ಹದಿನೇಳು ವರ್ಷಗಳಲ್ಲಿ ದಾಖಲಾದ ಅತ್ಯಧಿಕ ಶಕ್ತಿಯ ನೂರು ಘಟನೆಗಳ ಪಟ್ಟಿಯನ್ನು ವೀಕ್ಷಣಾಲಯ ಪ್ರಕಟಿಸಿದೆ. ಅಂದರೆ ೩,೦೦೦ ಚದರ ಕಿಲೋಮೀಟರಿನಲ್ಲಿ ವರ್ಷಕ್ಕೆ ಸುಮಾರು ಆರು. ತೊಟ್ಟಿಗಳ ಸ್ಥಾಪನೆ ಮುಗಿದದ್ದು ೨೦೦೮ರಲ್ಲಾದುದರಿಂದ ಇದು ಸ್ಥೂಲವಾದ ಲೆಕ್ಕ. ಆದರೂ ನಮ್ಮ ಉದ್ದೇಶಕ್ಕೆ ಸಾಕು. ಒಂದೇ ಚದರ ಕಿಲೋಮೀಟರಿನ ಉಪಕರಣವನ್ನಿಟ್ಟುಕೊಂಡು ಕಾದರೆ ಒಂದು ಘಟನೆಗೆ ೫೦೦ ವರ್ಷ ಬೇಕಾದೀತು! ಒಂದು ವರ್ಷದ ವೇತನ ಪಡೆದ ವಿದ್ಯಾರ್ಥಿನಿಗೆ ಇಡೀ ಬಯಲಿನಿಂದ ಹೊಸದಾಗಿ ದೊರೆಯುವುವು ಆರು ಘಟನೆಗಳು ಮಾತ್ರ. ನೂರಾರು ವಿಜ್ಞಾನಿಗಳು ದಶಕಗಳ ಕಾಲ ದುಡಿಯುತ್ತಿರುವ ಪ್ರಶ್ನೆಯನ್ನು ಅಷ್ಟರಿಂದ ಬಿಡಿಸಲಾದೀತೆ?

ಹಾಗೆಂದು ಆಕೆ ಆಸೆಯನ್ನು ಬಿಡಬೇಕಾಗಿಲ್ಲ. ಅದೇ ತೊಟ್ಟಿಗಳು ಸಾಮಾನ್ಯ ಶಕ್ತಿಯ ಕಣಗಳನ್ನೂ ಎಣಿಸುತ್ತಿರುತ್ತವೆ. ಒಂದೊಂದು ತೊಟ್ಟಿಯಲ್ಲಿಯೂ ಸೆಕೆಂಡಿಗೆ ಸುಮಾರು ೨,೦೦೦. ವೀಕ್ಷಣಾಲಯ ತನ್ನ ದತ್ತಾಂಶದ ಒಂದು ಪಾಲನ್ನು ೨೦೨೧ರಿಂದ ಎಲ್ಲರಿಗೂ ತೆರೆದಿಟ್ಟಿದೆ. ಅದರಲ್ಲಿ ಈ ಎಣಿಕೆಯೂ, ಅದರ ಜೊತೆಗೆ ವಾಯುವಿನ ಒತ್ತಡದ ಅಳತೆಯೂ ಇವೆ. ಆದುದರಿಂದ ಆಕೆಯ ಮೂರನೆಯ ಶೀರ್ಷಿಕೆ ಹೀಗಾಗುತ್ತದೆ: ‘ವಾಯುವಿನ ಒತ್ತಡ ಒಂದು ಹೆಕ್ಟೊಪ್ಯಾಸ್ಕಲ್ ಹೆಚ್ಚಿದರೆ ತೊಟ್ಟಿಗಳಲ್ಲಿ ಕಣಗಳ ಎಣಿಕೆ ಎಷ್ಟು ಕಡಮೆಯಾಗುತ್ತದೆ?’

ಈ ಪ್ರಶ್ನೆಯ ಹಿಂದಿರುವ ಭೌತವಿಜ್ಞಾನ ನಿಮಗೆ ತಿಳಿದದ್ದೇ. ಒತ್ತಡವೆಂದರೆ ತಲೆಯ ಮೇಲಿರುವ ವಾಯುವಿನ ಭಾರ. ಒಂದು ಹೆಕ್ಟೊಪ್ಯಾಸ್ಕಲ್ ಎಂದರೆ ಚದರ ಮೀಟರಿಗೆ ೧೦೦ ನ್ಯೂಟನ್, ಇದನ್ನು ೯.೮ರಿಂದ ಭಾಗಿಸಿದರೆ ಚದರ ಮೀಟರಿಗೆ ೧೦.೨ ಕಿಲೋಗ್ರಾಮ್ ವಾಯು. ಒತ್ತಡ ಅಷ್ಟು ಹೆಚ್ಚಿತೆಂದರೆ, ಕಣಗಳು ಹಾದುಬರಬೇಕಾದ ಹೊದಿಕೆ ಅಷ್ಟು ದಪ್ಪವಾಯಿತೆಂದು ಅರ್ಥ. ಆಗ ನೆಲವನ್ನು ಮುಟ್ಟುವ ಕಣಗಳು ಕಡಮೆಯಾಗಬೇಕು. ಎಷ್ಟು ಕಡಮೆ ಎಂಬುದನ್ನು ಅಳೆಯಬೇಕು, ಅಷ್ಟೆ.

ಅಳೆಯಲು ಸಾಧ್ಯವೆ ಎಂಬುದಕ್ಕೂ ಲೆಕ್ಕ ಬೇಕು. ಯಾದೃಚ್ಛಿಕವಾಗಿ ಬರುವ ಕಣಗಳ ಎಣಿಕೆಯಲ್ಲಿ, ಎಣಿಕೆಯ ವರ್ಗಮೂಲದಷ್ಟು ಅನಿಶ್ಚಯ ಇದ್ದೇ ಇರುತ್ತದೆ. ನೂರು ಘಟನೆಗಳಿದ್ದರೆ ಅನಿಶ್ಚಯ ಹತ್ತು, ಅಂದರೆ ನೂರಕ್ಕೆ ಹತ್ತು. ಹತ್ತು ಲಕ್ಷ ಎಣಿಸಿದರೆ ಅನಿಶ್ಚಯ ಒಂದು ಸಾವಿರ, ಅಂದರೆ ಸಾವಿರಕ್ಕೆ ಒಂದು. ಸಾವಿರಕ್ಕೆ ಕೆಲವೇ ಪಾಲಿನಷ್ಟು ಸಣ್ಣ ಇಳಿತವನ್ನು ಹಿಡಿಯಬೇಕಾದರೂ ಹತ್ತು ಲಕ್ಷದ ಎಣಿಕೆ ಸಾಕಾಗುತ್ತದೆ. ಸೆಕೆಂಡಿಗೆ ೨,೦೦೦ದಂತೆ ಒಂದೇ ತೊಟ್ಟಿ ಅದನ್ನು ಒಂಬತ್ತು ನಿಮಿಷಗಳೊಳಗೆ ಪೂರೈಸುತ್ತದೆ. ಮೊದಲನೆಯ ಪ್ರಶ್ನೆಗೆ ಒಂದು ಜೀವಮಾನವೂ ಸಾಲದು. ಈ ಪ್ರಶ್ನೆಗೆ ಒಂದು ವರ್ಷ ಧಾರಾಳವಾಗಿ ಸಾಕು.

ಅರ್ಜಿಯ ಅಂಗಗಳು

ಹೀಗೆ ಪ್ರಶ್ನೆ ಗಟ್ಟಿಯಾದ ಮೇಲೆ ಅರ್ಜಿಯ ಉಳಿದ ಭಾಗಗಳು ತಾವಾಗಿ ಕೂಡಿಬರುತ್ತವೆ. ಆರಂಭದಲ್ಲಿ ಸಂಕ್ಷೇಪ. ಬಳಿಕ ಸಮಸ್ಯೆಯ ನಿರೂಪಣೆ: ಈ ವರೆಗೆ ಏನು ತಿಳಿದಿದೆ, ಏನು ತಿಳಿಯಬೇಕಾಗಿದೆ. ಅದಾದ ಮೇಲೆ ನಿರೀಕ್ಷಿತ ಫಲ. ಇಲ್ಲಿ ‘ವಿಜ್ಞಾನಕ್ಕೆ ಮಹತ್ತರ ಸೇವೆ ಸಲ್ಲುವುದು’ ಎಂಬಂಥ ಮಾತುಗಳಿಂದ ಪ್ರಯೋಜನವಿಲ್ಲ. ಎಣಿಕೆಯ ಲಾಗರಿತಮನ್ನು ಒತ್ತಡದ ಎದುರಿಗೆ ಗುರುತಿಸಿದಾಗ ಇಳಿಜಾರಾದ ಸರಳರೇಖೆ ದೊರೆಯಬೇಕು, ಆ ಇಳಿಜಾರೇ ಬೇಕಾದ ಉತ್ತರ—ಎಂದು ಬರೆದರೆ ಸಾಕು.

ನಾಲ್ಕನೆಯದು ಕಷ್ಟಗಳು ಮತ್ತು ಅವುಗಳ ಪರಿಹಾರ. ಅರ್ಜಿಯ ಜೀವ ಇರುವುದು ಇಲ್ಲಿ. ವಾಯುವಿನ ಒತ್ತಡವೊಂದರಿಂದಲೇ ಎಣಿಕೆ ಬದಲಾಗುವುದಿಲ್ಲ. ಸೂರ್ಯನ ಚಟುವಟಿಕೆ ಹೆಚ್ಚಿದಾಗ ವಿಶ್ವಕಿರಣಗಳು ಕಡಮೆಯಾಗುತ್ತವೆ. ಇದು ಸುಮಾರು ಹನ್ನೊಂದು ವರ್ಷಗಳ ಆವರ್ತ. ಸೂರ್ಯನಲ್ಲಿ ಸ್ಫೋಟವಾದ ಬಳಿಕ ಕೆಲವು ದಿನ ಎಣಿಕೆ ಥಟ್ಟನೆ ಇಳಿಯುವುದೂ ಉಂಟು. ತೊಟ್ಟಿಗಳೂ ಹಳತಾಗುತ್ತವೆ. ಇವುಗಳನ್ನು ಒತ್ತಡದ ಪರಿಣಾಮದಿಂದ ಬೇರ್ಪಡಿಸುವುದು ಹೇಗೆ? ಕೆಲವೇ ದಿನಗಳ ಅವಧಿಯ ಏರಿಳಿತಗಳನ್ನು ಮಾತ್ರ ತೆಗೆದುಕೊಂಡರೆ ನಿಧಾನವಾದ ಬದಲಾವಣೆಗಳು ಕಳೆದುಹೋಗುತ್ತವೆ. ಸೌರಸ್ಫೋಟದ ದಿನಗಳನ್ನು ಗುರುತಿಸಿ ಬಿಟ್ಟುಬಿಡಬಹುದು. ಇಂಥ ತೊಡಕುಗಳನ್ನು ಮುಚ್ಚಿಟ್ಟರೆ ಅರ್ಜಿ ಬಲವಾಗುವುದೆಂದು ತಿಳಿಯುವುದು ತಪ್ಪು. ಪರಿಶೀಲಕರು ಆ ವಿಷಯದಲ್ಲಿಯೇ ನುರಿತವರು. ಅವರಿಗೆ ಹೊಳೆಯುವ ಆಕ್ಷೇಪಣೆ ಅರ್ಜಿದಾರರಿಗೆ ಮೊದಲೇ ಹೊಳೆದಿತ್ತೆಂಬುದು ಕಂಡುಬಂದರೆ ನಂಬಿಕೆ ಹುಟ್ಟುತ್ತದೆ.

ಐದನೆಯದು ಕಾಲಪಟ್ಟ. ಮೊದಲೆರಡು ತಿಂಗಳು ಓದು, ಆಮೇಲೆ ಎರಡು ತಿಂಗಳು ದತ್ತಾಂಶವನ್ನು ಸೋಸುವುದು, ಮೂರು ತಿಂಗಳು ನಕ್ಷೆಗಳು, ಮತ್ತೆರಡು ತಿಂಗಳು ಸೂರ್ಯನ ಪ್ರಭಾವವನ್ನು ಬೇರ್ಪಡಿಸುವುದು, ಎರಡು ತಿಂಗಳು ಮರುಪರೀಕ್ಷೆ, ಕೊನೆಯ ತಿಂಗಳು ವರದಿ. ಆರನೆಯದು ವೆಚ್ಚ. ಈ ಕೆಲಸಕ್ಕೆ ಹೊಸ ಉಪಕರಣ ಬೇಕಾಗಿಲ್ಲ. ವಿಭಾಗದ ಗಣಕಯಂತ್ರ ಸಾಕು. ಬೇಕಾಗಿಲ್ಲದ ವಸ್ತುವನ್ನು ‘ಇರಲಿ’ ಎಂದು ಸೇರಿಸಿದರೆ, ಅರ್ಜಿದಾರರಿಗೆ ತಮ್ಮ ಕೆಲಸವೇ ಸರಿಯಾಗಿ ತಿಳಿದಿಲ್ಲವೆಂದು ಪರಿಶೀಲಕರು ಭಾವಿಸುತ್ತಾರೆ. ಬೇಕಾದುದನ್ನು ಸಂಕೋಚದಿಂದ ಬಿಡುವುದೂ ಅಷ್ಟೇ ಅಪಾಯಕರ. ಅರ್ಧದಲ್ಲಿ ನಿಂತ ಪ್ರಯೋಗಕ್ಕೆ ಸುರಿದ ಹಣವೆಲ್ಲ ನಷ್ಟ. ಇವುಗಳ ಜೊತೆಗೆ ಫಲಿತಾಂಶವನ್ನು ಎಲ್ಲಿ ಪ್ರಕಟಿಸುವುದೆಂಬುದನ್ನೂ, ದೊಡ್ಡ ಯೋಜನೆಗಳಲ್ಲಿ ದತ್ತಾಂಶವನ್ನು ಹೇಗೆ ಕಾಪಾಡಿ ಇತರರಿಗೆ ಒದಗಿಸುವುದೆಂಬುದನ್ನೂ ಹೇಳಬೇಕು.

ಪರಿಶೀಲನೆ

ಅರ್ಜಿ ತಲಪಿದ ಮೇಲೆ ಪ್ರತಿಷ್ಠಾನ ಅದನ್ನು ಆ ಶಾಸ್ತ್ರದ ತಜ್ಞರಿಗೆ ಕಳುಹಿಸುತ್ತದೆ. ಅವರು ಅರ್ಜಿದಾರರ ಬಂಧುಗಳಾಗಲಿ ಸಹೋದ್ಯೋಗಿಗಳಾಗಲಿ ಆಗಿರಕೂಡದು. ಅವರ ಹೆಸರು ಗುಟ್ಟಾಗಿರುತ್ತದೆ. ಪ್ರಶ್ನೆ ಹೊಸದೆ, ವಿಧಾನ ಸರಿಯೆ, ಹೇಳಿದ ಕಾಲದಲ್ಲಿ ಮುಗಿದೀತೆ, ವೆಚ್ಚ ಯುಕ್ತವೆ, ಅರ್ಜಿದಾರರಿಗೂ ಮಾರ್ಗದರ್ಶಕರಿಗೂ ತಕ್ಕ ಸಾಮರ್ಥ್ಯವಿದೆಯೆ ಎಂಬುದನ್ನು ಅವರು ವಿಚಾರಿಸಿ ಅಭಿಪ್ರಾಯ ಬರೆಯುತ್ತಾರೆ. ಅದನ್ನು ಆಯಾ ಶಾಸ್ತ್ರದ ಸಮಿತಿ ಇತರ ಅರ್ಜಿಗಳೊಡನೆ ಹೋಲಿಸಿ ನೋಡುತ್ತದೆ.

ಅರ್ಜಿ ತಿರಸ್ಕೃತವಾದರೆ ಕಾರಣವನ್ನು ತಿಳಿಸುತ್ತಾರೆ. ಪರಿಶೀಲಕರ ಹೆಸರು ಬಿಟ್ಟು ಅವರ ಟೀಕೆಗಳನ್ನು ಅರ್ಜಿದಾರರಿಗೆ ಒದಗಿಸುತ್ತಾರೆ. ಟೀಕೆ ತಪ್ಪೆಂದು ತೋರಿದರೆ ಆಧಾರಸಹಿತವಾಗಿ ಮರುಪರಿಶೀಲನೆ ಕೇಳಬಹುದು. ಇದು ಬಹಳ ಮುಖ್ಯವಾದ ಅಂಶ. ಕಾರಣವಿಲ್ಲದ ‘ಇಲ್ಲ’ ಎಂಬುದರಿಂದ ತರುಣರು ಕಲಿಯುವುದು ನಿರಾಶೆಯನ್ನು ಮಾತ್ರ. ಕಾರಣ ಕೂಡಿದ ‘ಇಲ್ಲ’ ಎಂಬುದು ಒಂದು ಪಾಠ. ವಿಧಾನದ ದೋಷವನ್ನು ಆರಂಭದಲ್ಲಿಯೇ ತೋರಿಸಿಕೊಟ್ಟ ಪರಿಶೀಲಕರು ಅರ್ಜಿದಾರರ ಒಂದು ವರ್ಷವನ್ನು ಉಳಿಸಿದಂತಾಯಿತು.

ಹಣ ದೊರೆತ ಮೇಲೆ

ವೇತನ ಮಂಜೂರಾದರೆ ಅರ್ಜಿದಾರರು ಒಪ್ಪಂದಕ್ಕೆ ಸಹಿ ಹಾಕುತ್ತಾರೆ. ಅಂದಿನಿಂದ ಅವರು ಆ ಕೆಲಸಕ್ಕೇ ಪೂರ್ಣವಾಗಿ ತೊಡಗಿರಬೇಕು. ಗೊತ್ತಾದ ದಿನಾಂಕಗಳಂದು ವೈಜ್ಞಾನಿಕ ವರದಿಯನ್ನು ಸಲ್ಲಿಸಬೇಕು. ಅನುದಾನವಾದರೆ ಖರ್ಚಿನ ಲೆಕ್ಕವನ್ನೂ ಒಪ್ಪಿಸಬೇಕು. ಪ್ರಕಟವಾಗುವ ಪ್ರತಿಯೊಂದು ಲೇಖನದಲ್ಲಿಯೂ ಪ್ರತಿಷ್ಠಾನದ ಹೆಸರನ್ನು ಅನುದಾನದ ಸಂಖ್ಯೆಯೊಡನೆ ನಮೂದಿಸಬೇಕು. ಯಾವ ಹಣದಿಂದ ಯಾವ ಜ್ಞಾನ ಹುಟ್ಟಿತೆಂಬುದನ್ನು ಯಾರು ಬೇಕಾದರೂ ಪತ್ತೆಹಚ್ಚಲು ಇದರಿಂದ ಸಾಧ್ಯವಾಗುತ್ತದೆ. ೨೦೧೧ರಲ್ಲಿ ಪ್ರತಿಷ್ಠಾನ ವೈಜ್ಞಾನಿಕ ನಡತೆಯ ಸಂಹಿತೆಯೊಂದನ್ನೂ ಹೊರಡಿಸಿತು. ದತ್ತಾಂಶವನ್ನು ಕಲ್ಪಿಸುವುದು, ತಿರುಚುವುದು, ಇತರರ ಬರಹವನ್ನು ತನ್ನದೆನ್ನುವುದು ಇವು ಅದರಲ್ಲಿ ಗುರುತರವಾದ ಅಪರಾಧಗಳು.

ಇಲ್ಲಿ ಒಂದು ಸಂದೇಹ ಏಳಬಹುದು. ಜನರ ಹಣವನ್ನು ಪಡೆದು, ನಿರೀಕ್ಷಿಸಿದ ಫಲ ಬಾರದಿದ್ದರೆ ಏನು ಗತಿ? ವರದಿಯಲ್ಲಿ ಬೇಕಾದುದು ಪ್ರಾಮಾಣಿಕವಾದ ಉತ್ತರ. ಆ ಉತ್ತರ ಶೂನ್ಯವಾಗಿದ್ದರೂ ಚಿಂತೆಯಿಲ್ಲ. ಇದಕ್ಕೆ ನಮ್ಮ ನಾಡಿನ ನಿದರ್ಶನವೇ ಉಂಟು. ಲಾಟೆಸ್ ಅವರು ವಿಶ್ವಕಿರಣಗಳನ್ನು ಹುಡುಕಿಕೊಂಡು ಪರ್ವತವನ್ನೇರಿದರೆ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅದೇ ಕಿರಣಗಳಿಗಾಗಿ ಕೋಲಾರದ ಚಿನ್ನದ ಗಣಿಯೊಳಗೆ ಇಳಿದರು. ೧೯೬೦ರ ದಶಕದ ಆರಂಭದಲ್ಲಿ, ಎರಡೂವರೆ ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಸುಮಾರು ಎರಡು ತಿಂಗಳು ಉಪಕರಣವನ್ನು ಇಟ್ಟರೂ ಒಂದು ಕಣವೂ ಎಣಿಕೆಗೆ ಸಿಕ್ಕಲಿಲ್ಲ. ಈ ಸೊನ್ನೆಯನ್ನು ಅವರು ಸೋಲೆಂದು ಮುಚ್ಚಿಡಲಿಲ್ಲ. ವಿಶ್ವಕಿರಣಗಳ ಗದ್ದಲ ಅಷ್ಟು ಆಳದಲ್ಲಿ ಅಡಗಿಹೋಗುವುದಾದರೆ, ಬಂಡೆಯನ್ನು ಲೆಕ್ಕಿಸದೆ ತೂರಿಬರುವ ನ್ಯೂಟ್ರಿನೊಗಳನ್ನು ಗುರುತಿಸಲು ಅದಕ್ಕಿಂತ ಒಳ್ಳೆಯ ಸ್ಥಳ ಯಾವುದು? ಹೊಸ ಪ್ರಯೋಗದ ಯೋಜನೆಗೆ ಆ ಸೊನ್ನೆಯೇ ಆಧಾರವಾಯಿತು. ೧೯೬೫ರಲ್ಲಿ ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್ ವಿಜ್ಞಾನಿಗಳ ತಂಡ ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಕುರುಹನ್ನು ಕೋಲಾರದಲ್ಲಿ ಕಂಡಿತು. ಅದೇ ವರ್ಷ ದಕ್ಷಿಣ ಆಫ್ರಿಕದ ಗಣಿಯೊಂದರಲ್ಲಿಯೂ ಅಂಥ ಕುರುಹು ದೊರೆಯಿತು. ಕೋಲಾರದ ತಂಡದಲ್ಲಿ ಎಂ. ಜಿ. ಕೆ. ಮೆನನ್ ಅವರೊಡನೆ ನಂಜನಗೂಡಿನಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್ ಅವರೂ ಇದ್ದರು.

ವಿದ್ಯಾರ್ಥಿಗಳಿಗೆ ಅಭ್ಯಾಸ

ಅರ್ಜಿ ಬರೆಯುವ ವಿದ್ಯೆಯನ್ನು ಕಲಿಯಲು ಡಾಕ್ಟರೇಟಿನವರೆಗೆ ಕಾಯಬೇಕಾಗಿಲ್ಲ. ನಿಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ಇರುವ ಉಪಕರಣಗಳನ್ನಷ್ಟೇ ಬಳಸಿ, ಆರು ವಾರಗಳಲ್ಲಿ ಉತ್ತರ ಕೊಡಬಹುದಾದ ಒಂದು ಪ್ರಶ್ನೆಯನ್ನು ಆರಿಸಿಕೊಳ್ಳಿರಿ. ಬಾವಿಯ ನೀರಿನ ಮಟ್ಟ, ಕೊಠಡಿಯ ಉಷ್ಣತೆ, ಬೀದಿಯ ಸದ್ದು, ಯಾವುದಾದರೂ ಆಗಬಹುದು. ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಎಷ್ಟು ಸಲ ಅಳೆದರೆ ಉತ್ತರ ನಂಬುವಂತಾಗುವುದೆಂದು ಲೆಕ್ಕ ಹಾಕಿರಿ. ಉತ್ತರವನ್ನು ಕೆಡಿಸಬಲ್ಲ ಎರಡು ಕಾರಣಗಳನ್ನೂ, ಅವುಗಳನ್ನು ತಡೆಯುವ ಬಗೆಯನ್ನೂ ಹೇಳಿರಿ. ವಾರವಾರದ ಕೆಲಸವನ್ನೂ ರೂಪಾಯಿಗಳಲ್ಲಿ ವೆಚ್ಚವನ್ನೂ ಸೇರಿಸಿರಿ. ಎಲ್ಲವೂ ಒಂದು ಪುಟದೊಳಗಿರಲಿ. ಬಳಿಕ ಅದನ್ನು ಸಹಪಾಠಿಯೊಬ್ಬರಿಗೆ ಕೊಟ್ಟು, ಹಣವನ್ನು ಏಕೆ ಕೊಡಬಾರದೆಂಬುದಕ್ಕೆ ಕಾರಣಗಳನ್ನು ಬರೆಯುವಂತೆ ಕೇಳಿರಿ. ಆ ಕಾರಣಗಳನ್ನು ಓದಿ ಅರ್ಜಿಯನ್ನು ತಿದ್ದಿದ ಮೇಲೆ, ಮೊದಲು ಬರೆದ ಪ್ರಶ್ನೆ ಹಾಗೆಯೇ ಉಳಿದಿದೆಯೇ ಎಂದು ಹೋಲಿಸಿ ನೋಡಿರಿ.